ಓಟಿಲ್ಲದವರ ಡಿಬೇಟು

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಇಲ್ಲಿ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ನಾಲ್ಕು ಮನೆ ಕನ್ನಡಿಗರ ಬಿ.ಪಿ. ಏರುತ್ತಿತ್ತು. ನಮ್ಮಲ್ಲಿ ಒಬ್ಬರಿಗೂ ಆ ದೇಶದಲ್ಲಿ ಓಟಿಲ್ಲ. ಕೆಲವರು ಆ ನೆಲವನ್ನು ಏರ್‌ಪೋರ್ಟಿನ ಆಚೆ ನೋಡಿದವರೂ ಅಲ್ಲ. ಆದರೂ ಅಧ್ಯಕ್ಷ ಗಾದಿಗೆ ನಿಂತ ಇಬ್ಬರು ಟಿ.ವಿ.ಯಲ್ಲಿ ಎದುರುಬದುರು ಡಿಬೇಟು ಮಾಡಿದರೆಂದರೆ ಮುಗಿಯಿತು, ಆ ವಾರದ ಶನಿವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಹಾಜರಿ ಹಾಕಲೇಬೇಕು. ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದರು, ನರಳಲಿಲ್ಲ. ಅತ್ತಿದ್ದು ಅತ್ತಾಯಿತು. ಈಗ ಅವರನ್ನು ನೆನೆಸಿಕೊಂಡರೆ ನಗುವೇ ಮೊದಲು ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರೇನಲ್ಲ. ಧಾರವಾಡದವರು, ಈ ಊರಿನ ಹಳೆಯ ಜಿಪಿ, ಎಂದರೆ ಎಲ್ಲ ಕಾಯಿಲೆಗೂ ಜನ ಮೊದಲು ಹೋಗುವ ಡಾಕ್ಟರು. ಮದುವೆ ಆಗಿರಲಿಲ್ಲ. ನಾನು ಮೈಸೂರಿನಿಂದ ಬಂದ ಹೊಸತರಲ್ಲಿ ನನ್ನನ್ನು ತರಬೇತಿಗೆಂದು ಅವರ ಸರ್ಜರಿಗೆ ಹಾಕಿದರು. ಇಲ್ಲಿ ಜಿಪಿಗಳ ದವಾಖಾನೆಗೆ ಸರ್ಜರಿ ಎನ್ನುತ್ತಾರೆ, ಅಲ್ಲಿ ಯಾರ ಹೊಟ್ಟೆಯನ್ನೂ ಕೊಯ್ಯುವುದಿಲ್ಲ. ಮೊದಲ ದಿನ ನಾನು ಕೈಕಟ್ಟಿ ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಕನ್ನಡದಾಕಿ ಇದ್ದೀ ಅಂತ ಕೇಳೀನಿ. ಮೇಡಂ ಅನಬ್ಯಾಡ. ಮೇಡಂ ಅಂದ್ರ ನಾ ಯಾರನ್ನೋ ಪರೀಕ್ಷಾದಾಗ ಫೇಲ್ ಮಾಡಬೇಕು ಅನಸ್ತದ. ನನ್ನ ತಮ್ಮ ಅಕ್ಕಾ ಅಂತಾನ. ನೀನೂ ಅನ್ನು."

ಆವತ್ತಿನಿಂದ ಅವರು ಅಕ್ಕ, ನಾನು 'ಮೈಸೂರು'. "ಏ ಮೈಸೂರು, ಇಲ್ಲಿ ಬಾ, ಈ ಅಜ್ಜನ ಎದಿ ಕೇಳು" ಎಂದು ಕಾರಿಡಾರಿನ ಆ ತುದಿಯಿಂದ ಕೂಗುವವರು. ಅದನ್ನು ಕೇಳಿ ಕೇಳಿ ಇಲ್ಲಿಯ ಪೇಶೆಂಟುಗಳು ನನ್ನ ಹೆಸರೇ ಅದೆಂದು ತಿಳಿದು ಡಾಕ್ಟರ್ ಮೈಸೂರು ಎನ್ನತೊಡಗಿದರು. ಈಗಲೂ ಇಬ್ಬರು ಇಂಗ್ಲಿಷ್ ಅಜ್ಜಿಯರು ಹಾಗೇ ಕರೆಯುತ್ತಾರೆ. ತಿದ್ದಲು ಹೋಗಿಲ್ಲ ನಾನು.

ಪೇಶೆಂಟು ಒಳಗೆ ಬಂದ ಕೂಡಲೇ ಕಂಪ್ಯೂಟರಿನ ಕಡೆ ತಿರುಗಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಮೊದಲ ಅವರ ಜಗಳಾ ಕೇಳು" ಎನ್ನುತ್ತಿದ್ದರು. "ಒಳಗ ಬರಾವ್ರೆಲ್ಲಾ ಯಾರ ಜೋಡಿನೋ ಜಗಳಾಡಿ ಬಂದಿರ್ತಾರ. ಗಂಡನ ಜೋಡಿ, ಕೌನ್ಸಿಲ್ ಜೋಡಿ, ಬಾಜೂ ಮನಿ ಬೆಕ್ಕಿನ ಜೋಡಿ. ಅದನ್ನ ಹೊರಗ ತಗಿ. ಆಮ್ಯಾಲೆ ಮಂಡಿನೋವು ನೋಡು." ಜಗಳ ಎಂದರೆ ಅಕ್ಕನಿಗೆ ಕೆಟ್ಟ ಪದಾರ್ಥವೇ ಅಲ್ಲ. ಅವರ ಲೆಕ್ಕದಲ್ಲಿ ಬದುಕಿರುವ ಮನುಷ್ಯನಿಗೆ ನಾಡಿ ಎಷ್ಟೋ ಜಗಳವೂ ಅಷ್ಟೇ. ಬಾಯಿ ಮುಚ್ಚಿ ಕೂತವರನ್ನು ಕಂಡರೇ ಅವರಿಗೆ ಅನುಮಾನ.

ಅವರಿಗೆ ಈ ಲೋಕದಲ್ಲಿ ತಮ್ಮವನೆಂದು ಇದ್ದದ್ದು ಆ ತಮ್ಮ ಒಬ್ಬರೇ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಕೈಗೂಸು, ಅಕ್ಕ ಹೈಸ್ಕೂಲು. ಹಾಲು ಕುಡಿಸಿದ್ದು, ತಲೆ ಬಾಚಿದ್ದು, ಮಗ್ಗಿ ಹೇಳಿಕೊಟ್ಟದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ದೊಡ್ಡವರಾಗಿ ಅವರು ದನದ ಡಾಕ್ಟರಾದರು, ಟೆಕ್ಸಸ್ಸಿಗೆ ಹೋಗಿ ಅಲ್ಲೇ ನಿಂತರು. ಹೆಂಡತಿ, ಮಕ್ಕಳು, ಆ ದೇಶದ ಪೌರತ್ವ ಎಲ್ಲ ಆಯಿತು. "ಇಬ್ಬರೂ ಡಾಕ್ಟರ. ಬುದ್ಧಿ ಇರೋ ಪೇಶೆಂಟ್ ಮಾತ್ರ ಅವಂಗ ಸಿಕ್ಕಾವ" ಎಂದು ಅಕ್ಕ ಎಲ್ಲರ ಎದುರೂ ಹೇಳುವರು. ನಾವೂ ಅವರನ್ನು ದನದ ಡಾಕ್ಟರು ಎಂದೇ ಕರೆಯುತ್ತಿದ್ದೆವು. ಭಾನುವಾರ ಸಂಜೆ ಅವರ ಫೋನು ಬರುವ ಹೊತ್ತು. ಆ ಹೊತ್ತಿಗೆ ಅಕ್ಕನನ್ನು ಯಾವ ಮದುವೆಗೂ ನಾಮಕರಣಕ್ಕೂ ಕರೆದು ಪ್ರಯೋಜನವಿಲ್ಲ. ಕರೆದರೂ ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುವರು.

ರಾಜಕೀಯದ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ನಮ್ಮೂರು ನೀಲಿ ಊರು. ಬಲಪಂಥದವರ ಬಣ್ಣ ಇಲ್ಲಿ ನೀಲಿ, ಎಡಪಂಥದವರದು ಕೆಂಪು. ಅಕ್ಕ ಕಟ್ಟಾ ಕೆಂಪು. ಇಲ್ಲಿಯ ಯಾವ ಚುನಾವಣೆ ಬಂದರೂ ಕೆಂಪು ಇಳಕಲ್ ಸೀರೆ ಉಟ್ಟು, ಅದರ ಮೇಲೆ ದಪ್ಪ ಕೋಟು, ಕೋಟಿಗೆ ಕೆಂಪು ಬಿಲ್ಲೆ ಸಿಗಿಸಿ ಓಟಿನ ಕೇಂದ್ರದ ಹೊರಗೆ ನಿಲ್ಲುವರು. ಪಕ್ಕದಲ್ಲಿ ನೀಲಿ ಬಿಲ್ಲೆಯ ಮುದುಕ, ಅವರದೇ ಪೇಶೆಂಟು. ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿದುಕೊಂಡು ಒಬ್ಬರ ನಾಯಕರನ್ನು ಇನ್ನೊಬ್ಬರು ಬಾಯಿತುಂಬ ಬೈದುಕೊಳ್ಳುವರು. ಮುದುಕ ಕೆಮ್ಮಿದರೆ ಅಕ್ಕ ಅಲ್ಲೇ ನಿಲ್ಲಿಸಿ ನಾಲಿಗೆ ಚಾಚಿಸಿ ನೋಡುವರು.

ಅಮೆರಿಕದ ಚುನಾವಣೆಯ ವಿಷಯಕ್ಕೆ ಬರುತ್ತೇನೆ. ಯಾವ ಚುನಾವಣೆ, ಯಾರು ಯಾರು ನಿಂತಿದ್ದರು ಎಂದು ಕೇಳಬೇಡಿ. ಹೇಳಿದರೆ ಓದುವವರಲ್ಲೇ ಎರಡು ಗುಂಪಾಗಿ ನನ್ನ ಅಕ್ಕನನ್ನು ಮರೆತುಬಿಡುತ್ತೀರಿ.

ಡಿಬೇಟು ನಡೆಯುವುದು ನಮಗೆ ಸರಿರಾತ್ರಿಯ ಹೊತ್ತು. ಅಕ್ಕ ನಿದ್ದೆಗೆಡುವುದಕ್ಕೆ ಒಪ್ಪುವವರಲ್ಲ. ಅದಕ್ಕೆ ರೆಕಾರ್ಡ್ ಮಾಡಿಟ್ಟು ಶನಿವಾರ ಊಟದ ಮೇಲೆ ಎಲ್ಲರೂ ಸೇರಿ ನೋಡುವುದು. ಅಲ್ಲಿಯವರೆಗೆ ಯಾರೂ ಪೇಪರು ಮುಟ್ಟಬಾರದು, ಫೋನಿನಲ್ಲಿ ಸುದ್ದಿ ತೆಗೆಯಬಾರದು, ಆಸ್ಪತ್ರೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಕಿವಿ ಮುಚ್ಚಿಕೊಂಡು ಓಡಬೇಕು. ಇದಕ್ಕೆ ಅವರಿಟ್ಟ ಹೆಸರು ಸುದ್ದಿಮಡಿ. ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೂ "ಮಡೀಲೇ ಇದ್ದೀರೇನು?" ಎಂದು ಕೇಳುವರು. ಒಂದು ಸಾಲು ಓದಿದ್ದೇನೆಂದು ಒಪ್ಪಿಕೊಂಡರೂ ಅವರು ಮೈಲಿಗೆ. ಹಿಂದುಗಡೆ ಊಟದ ಮೇಜಿನ ಕುರ್ಚಿಯಲ್ಲಿ ಕೂತು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಗಂಡ ಎರಡು ಸಲ ಮೈಲಿಗೆಯಾದರು. ಆರ್ಥೋಪೆಡಿಕ್ಸ್‌ನವರಿಗೆ ಆಪರೇಶನ್ ಥಿಯೇಟರಿನಲ್ಲಿ ಮಾತೇ ಜಾಸ್ತಿ, ಏನು ಮಾಡುವುದು.

ಮಡಿಯಲ್ಲಿದ್ದವರಿಗೆ ಎರಡು ಸೋಫಾ. ಕಿಟಕಿಯ ಹತ್ತಿರದ್ದು ಅಲ್ಲಿಯ ಎಡದವರ ಅಭಿಮಾನಿಗಳಿಗೆ, ಬಾಗಿಲ ಹತ್ತಿರದ್ದು ಬಲದವರ ಅಭಿಮಾನಿಗಳಿಗೆ. ಹಾಗಾಗಿ ನಮ್ಮಲ್ಲಿ ಇದ್ದದ್ದು ಕಿಟಕಿ ಪಕ್ಷ, ಬಾಗಿಲ ಪಕ್ಷ. ಅಕ್ಕ, ನಾನು, ನನ್ನ ಗಂಡ ಕಿಟಕಿ. ಮಂಗಳೂರಿನ ಕಡೆಯ ಅನಸ್ತೇಶಿಯಾ ಡಾಕ್ಟರು, ಅವರ ಹೆಂಡತಿ ಮತ್ತು ಇನ್ನೊಂದು ಸಂಸಾರ ಬಾಗಿಲು. ನಡುವಿನ ಟೀಪಾಯಿಯ ಮೇಲೆ ಒಂದು ಪಾತ್ರೆ ಮಂಡಕ್ಕಿಯ ಗಿರ್ಮಿಟ್ಟು, ಅದರ ಪಕ್ಕ ಬಿ.ಪಿ. ನೋಡುವ ಯಂತ್ರ. ಅಕ್ಕನಿಗೆ ಅಡುಗೆ ಎಂದರೆ ಅಷ್ಟಕ್ಕಷ್ಟೇ, ಗಿರ್ಮಿಟ್ಟು ಮಾತ್ರ ಚೆನ್ನಾಗಿ ಕಲೆಸುವರು. ಯಂತ್ರ ಕೂಗಾಡುವವರಿಗೆ. ಯಾರ ದನಿ ಜಾಸ್ತಿ ಏರಿತೋ ಅವರ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವರು. ಬಿ.ಪಿ. ನೋಡುವಾಗ ಮಾತಾಡಬಾರದಲ್ಲ! ಪಟ್ಟಿ ಬುಸ್ಸೆಂದು ಉಬ್ಬಿ ಇಳಿಯುವ ತನಕ ಆ ಮನುಷ್ಯ ಕಣ್ಣು ಕಣ್ಣು ಬಿಡುತ್ತ ಕೂರಬೇಕು. ಅಷ್ಟರಲ್ಲಿ ಅಕ್ಕ ತಮ್ಮ ಪಕ್ಷದ ಮಾತೆಲ್ಲ ಹೇಳಿ ಮುಗಿಸಿರುತ್ತಿದ್ದರು.

"ಇದು ಅನ್ಯಾಯ ಮಾರಾಯ್ರೆ!" ಎನ್ನುವರು ಮಂಗಳೂರು ಡಾಕ್ಟರು ಪಟ್ಟಿ ಬಿಚ್ಚಿಕೊಳ್ಳುತ್ತ. "ನಾನು ದಿನಾ ಎಲ್ಲರನ್ನು ಮಲಗಿಸುವವ. ನನ್ನ ಬಾಯಿಯನ್ನೇ ಮುಚ್ಚಿಸಿದ್ದು ನೀವು ಒಬ್ಬರೇ."

"ನಿಮ್ಮ ಬಿ.ಪಿ. ನೂರಾ ಅರವತ್ತದ. ನಿಮ್ಮ ಪಕ್ಷ ಬಿಟ್ಟುಬಿಡ್ರಿ, ಗುಳಿಗಿ ಖರ್ಚು ಉಳೀತದ" ಎನ್ನುವರು ಅಕ್ಕ.

ಒಮ್ಮೆ ನಾನು ತಡೆಯಲಾರದೆ ಕೇಳಿದೆ. "ಅಲ್ಲಾ ಅಕ್ಕ, ನಮಗೆ ಅಲ್ಲಿ ಓಟೇ ಇಲ್ವಲ್ಲ. ಈ ಪಾಟಿ ಕಿರುಚಾಡೋದು ಯಾವ ಸುಖಕ್ಕೆ?"

"ಕ್ರಿಕೆಟ್ ನೋಡಾವ್ರೆಲ್ಲಾ ಬ್ಯಾಟ್ ಹಿಡೀತಾರೇನು?" ಎಂದು ನನ್ನ ಬಾಯಿ ಮುಚ್ಚಿಸಿದರು. ಗಿರ್ಮಿಟ್ಟಿಗೆ ಈರುಳ್ಳಿ ಹಾಕುತ್ತ ದನಿ ಇಳಿಸಿ ಹೇಳಿದರು, "ನನ್ನ ತಮ್ಮ ಇರೋ ಮನಿ ಅದು, ಮೈಸೂರು. ಆ ಮನಿ ಯಜಮಾನ ಯಾರು ಆಗ್ತಾನ ಅಂತ ನಾ ನೋಡಬಾರ್ದೇನು?"

ಆ ತಮ್ಮನೋ, ಕಟ್ಟಾ ಬಾಗಿಲ ಪಕ್ಷ. ಟೆಕ್ಸಸ್ಸಿನ ದನ ಸಾಕುವವರ ನಡುವೆ ಬೆಳೆದ ಬುದ್ಧಿ. ಭಾನುವಾರದ ಫೋನಿನಲ್ಲಿ ಅರ್ಧ ಹೊತ್ತು ಅದೇ ಕದನ. ಅಕ್ಕ "ಹುಚ್ಚಪ್ಪಾ", "ನಿನ್ನ ದನಗಳನ್ನರೆ ಕೇಳು, ಅವು ಶಾಣ್ಯಾ ಅವ" ಎಂದು ಬೈಯುವುದು, ಅತ್ತಲಿಂದ ಅವರು ಹೋ ಎಂದು ನಗುವುದು ನನ್ನ ಕಿವಿಗೇ ಬಿದ್ದಿದೆ. ಡಿಬೇಟಿನ ಶನಿವಾರವೂ ಅವರು ಬರುತ್ತಿದ್ದರು. ಟಿ.ವಿ. ಪಕ್ಕದಲ್ಲಿ ಐಪ್ಯಾಡು ನಿಲ್ಲಿಸಿಟ್ಟರೆ ಅದರೊಳಗೆ ಟೆಕ್ಸಸ್ಸಿನ ಅವರ ಹಾಲು. ಅಲ್ಲಿ ಬೆಳಗಿನ ಉಪ್ಪಿಟ್ಟಿನ ಹೊತ್ತು. ಅವರು ಡಿಬೇಟು ಮೊದಲೇ ನೋಡಿರುತ್ತಿದ್ದರು, ಆದರೂ ಅಕ್ಕನ ಮುಖ ನೋಡುವ ಆಸೆಗೆ ಬಾಯಿಗೆ ಬೀಗ ಹಾಕಿಕೊಂಡು ಇನ್ನೊಂದು ಸಲ ನೋಡುವರು.

ನಾನು ಹೇಳುವ ಆ ವರ್ಷದ ಮೊದಲ ಡಿಬೇಟಿಗೆ ಅವರ ಮನೆಯಲ್ಲೂ ಜನ ಸೇರಿದ್ದರು. ಐದಾರು ಗೆಳೆಯರು, ಎಲ್ಲ ಅವರ ಪಕ್ಷದವರೇ. ನಾವಿಲ್ಲಿ ಸೋಫಾಗಳಲ್ಲಿ ಸಜ್ಜಾಗಿದ್ದೆವು. ಅಕ್ಕ ಒಳಗಿಂದ ಬಂದು ಐಪ್ಯಾಡಿನ ಎದುರು ನಿಂತರು. ಉಟ್ಟಿದ್ದದ್ದು ಕೆಂಪು ಇಳಕಲ್ ಸೀರೆ.

ಅಮೆರಿಕದಲ್ಲಿ ಬಣ್ಣ ಉಲ್ಟಾ. ಅಲ್ಲಿ ಎಡದವರು ನೀಲಿ, ಬಲದವರು ಕೆಂಪು. ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ, ಟಿ.ವಿ.ಯ ನಕಾಶೆಯಲ್ಲಿ ನೋಡಿಯೇ ಇದ್ದರು. ಆದರೆ ಚುನಾವಣೆ ಎಂದು ಬೀರು ತೆಗೆದಾಗ ಕೈ ಹೋದದ್ದು ಅಭ್ಯಾಸದ ಬಣ್ಣಕ್ಕೆ. ನಾವೂ ಅಷ್ಟೇ, ಈ ದೇಶದ ಕಣ್ಣಿನಿಂದ ನೋಡಿ ನೋಡಿ ಅಕ್ಕ ಎಂದರೆ ಕೆಂಪು ಎಂದುಕೊಂಡವರು. ಯಾರಿಗೂ ಏನೂ ಹೊಳೆಯಲಿಲ್ಲ.

ಐಪ್ಯಾಡಿನಲ್ಲಿ ದನದ ಡಾಕ್ಟರ ಮುಖ ಅರಳಿತು. ಎದ್ದೇ ನಿಂತರು. "ಅಕ್ಕಾ! ಏನಿದು! ಕಡೀಗೂ ನಮ್ಮ ಕಡೆ ಬಂದ್ಯಾ?" ಎಂದವರೇ ಹಿಂದೆ ತಿರುಗಿ ಗೆಳೆಯರಿಗೆಲ್ಲ ಇಂಗ್ಲಿಷಿನಲ್ಲಿ ಸಾರಿದರು: ನೋಡಿ, ನನ್ನ ಅಕ್ಕ, ನನ್ನನ್ನು ಬೆಳೆಸಿದವಳು, ಇಷ್ಟು ವರ್ಷ ಬೈದು ಇವತ್ತು ನನ್ನ ಬಣ್ಣ ಉಟ್ಟುಕೊಂಡು ಬಂದಿದ್ದಾಳೆ. ಆ ಜನ ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆ ಹಾಕಿದ. ಅಕ್ಕನಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ, ತಮ್ಮ ಖುಷಿಯಾಗಿದ್ದಾನೆ ಎಂದಷ್ಟೇ ಕಂಡು ತಾವೂ ಕೈ ಬೀಸಿದರು. ಅಷ್ಟರಲ್ಲಿ ನನ್ನ ಗಂಡ ಡಿಬೇಟು ಶುರು ಮಾಡಿಬಿಟ್ಟರು.

ಅಕ್ಕ ಬಂದು ನನ್ನ ಪಕ್ಕ ಕಿಟಕಿ ಸೋಫಾದಲ್ಲಿ ಕೂತರು. ಮೊದಲ ಪ್ರಶ್ನೆಗೇ ನಮ್ಮ ಪಕ್ಷದವರು ಒಂದು ಗಟ್ಟಿ ಮಾತು ಹೇಳಿದರು. ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿ, "ಹಾಂಗ ಹೇಳು! ಆ ಮಬ್ಬಗೆ ಮುಖಕ್ಕ ಹೊಡದಂಗ ಹೇಳು!" ಎಂದು ಐಪ್ಯಾಡಿನ ಕಡೆ ನೋಡಿ ಬೆರಳಾಡಿಸಿದರು. ಯಾವಾಗಲೂ ಮಾಡುವ ತಮಾಷೆಯೇ.

ಟೆಕ್ಸಸ್ಸಿನ ಹಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ದನದ ಡಾಕ್ಟರು ನಗಲಿಲ್ಲ. "ನನ್ನ ಮಂದಿ ಎದುರಿಗೆ ನನ್ನ ನಗಿಗೇಡು ಮಾಡ್ಲಿಕ್ಕೇ ಉಟ್ಟುಕೊಂಡು ಬಂದಿದ್ಯಾ ಅಕ್ಕಾ?" ಎಂದರು. ಅಷ್ಟೇ. ಪರದೆ ಕಪ್ಪಾಯಿತು.

ಆ ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಸೀರೆಯ ಬಣ್ಣದಿಂದ ಆದ ಎಡವಟ್ಟು ಎಂದು ನಮಗೆ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅಕ್ಕ ಹೇಳಬೇಕಲ್ಲ! "ನೀವೇ ಒಂದು ಫೋನ್ ಮಾಡಿಬಿಡಿ ಅಕ್ಕ, ಬಣ್ಣ ಮರೆತೆ ಅಂತ ಹೇಳಿ" ಎಂದರೆ ನನ್ನ ಮೇಲೇ ಹರಿಹಾಯ್ದರು.

"ನಾ ಯಾಕ ಸಬೂಬು ಹೇಳ್ಲಿ? ಅವನ ಅಂಗಿ ಗುಂಡಿ ಹಾಕಿದಾಕಿ ನಾನು. ಅಕ್ಕ ನನ್ನ ನಗಿಗೇಡು ಮಾಡ್ತಾಳ ಅಂತ ಅವಂಗ ಅನಿಸ್ತಲ್ಲಾ, ಹೆಂಗ ಅನಿಸ್ತು?"

ಮಂಗಳೂರು ಡಾಕ್ಟರು ತಾವು ಹೇಳುತ್ತೇನೆಂದು ಮುಂದೆ ಬಂದರು. ಅವರಿಗೂ ದನದ ಡಾಕ್ಟರಿಗೂ ಒಂದೇ ಪಕ್ಷದ ಸ್ನೇಹ, ವಾಟ್ಸಾಪಿನಲ್ಲಿ ದಿನಾ ಏನಾದರೂ ಕಳಿಸಿಕೊಳ್ಳುವವರು. ಅಕ್ಕ ಆಣೆ ಹಾಕಿಸಿದರು. ಸೀರೆಯ ಸುದ್ದಿ ಯಾರಾದರೂ ಎತ್ತಿದರೆ ಈ ಮನೆಯ ಹೊಸ್ತಿಲು ತುಳಿಯಬೇಡಿ ಎಂದರು. ಅವರು ಬಾಯಿ ಮುಚ್ಚಿಕೊಂಡರು.

ಆಮೇಲೆ ಅಕ್ಕ ಭಾನುವಾರ ಸಂಜೆ ನಮ್ಮ ಮನೆಗೆ ಬರತೊಡಗಿದರು. ಕಾರಣವೇನೂ ಇಲ್ಲ. ಚಹಾ ಕುಡಿಯುವರು, ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳುವರು, ನನ್ನ ಮಗಳ ಕನ್ನಡ ತಿದ್ದುವರು. ಫೋನು ಗುಂಯ್ ಎಂದರೆ ಕತ್ತು ತಿರುಗುವುದು, ಯಾವುದೋ ಮೆಸೇಜೆಂದು ತಿಳಿದು ಮತ್ತೆ ಚಹಾ. ಒಂದು ಸಂಜೆ ಕುಪ್ಪಸದ ತೋಳು ಮೇಲೇರಿಸಿ ನನ್ನ ಮುಂದೆ ಕೈಚಾಚಿದರು. ತಾವಾಗಿ ಕೈಚಾಚಿದ್ದು ಅದೇ ಮೊದಲು. ನೋಡಿದೆ. ಜಾಸ್ತಿ ಇತ್ತು.

"ಏನರೆ ಗುಳಿಗಿ ಬರೀ" ಎಂದರು. "ಆದ್ರ ಇದು ಗುಳಿಗಿಗೆ ಇಳಿಯಂಗಿಲ್ಲವಾ. ನಂಗ ಅವನ ಬಿಟ್ರ ಯಾರಿದ್ದಾರ ಹೇಳು. ಕಣ್ಣು ಮುಚ್ಚೋದ್ರಾಗ ಅವ ನನ್ನ ಜೋಡಿ ಮಾತಾಡ್ತಾನೋ ಇಲ್ಲೋ."

ನನಗೆ ಸಿಟ್ಟು ಬಂತು. ಸಾಗರದಾಚೆ ಯಾರೋ ಇಬ್ಬರು ಟೈ ಕಟ್ಟಿ, ಹೊಳೆಯುವ ದೀಪದಲ್ಲಿ ನಿಂತು ಕಿತ್ತಾಡಿದರೆ ಇಲ್ಲಿ ನನ್ನ ಅಕ್ಕನ ಭಾನುವಾರ ಹಾಳಾಗಬೇಕೇ? ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅಕ್ಕ ತಲೆಯಾಡಿಸಿದರು. "ಅವರದೇನು ತಪ್ಪದ? ತಪ್ಪೆಲ್ಲಾ ನಮ್ಮಿಬ್ಬರ ಸೊಕ್ಕಿಂದು" ಎಂದರು.

ಎರಡನೆಯ ಡಿಬೇಟು ಬಂತು. ಈ ಸಲ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆವು. ಅಕ್ಕನೇ ಎಲ್ಲರಿಗೂ ಫೋನ್ ಮಾಡಿ ಮಡಿ ನೆನಪಿಸಿದರು. ಶನಿವಾರ ಹೋದೆವು. ಗಿರ್ಮಿಟ್ಟು ಇತ್ತು, ಯಂತ್ರ ಇತ್ತು, ಐಪ್ಯಾಡು ಇರಲಿಲ್ಲ. ಅಕ್ಕ ಬೂದು ಬಣ್ಣದ ಸೀರೆ ಉಟ್ಟು ಬಂದರು, ಕಿಟಕಿಯ ಕಡೆ ತಿರುಗಿಯೂ ನೋಡದೆ ಸೀದಾ ಹೋಗಿ ಬಾಗಿಲ ಸೋಫಾದಲ್ಲಿ ಮಂಗಳೂರು ಡಾಕ್ಟರ ಪಕ್ಕ ಕೂತರು.

"ಅಕ್ಕ, ಸೋಫಾ ತಪ್ಪಿದಿರಿ" ಎಂದರು ನನ್ನ ಗಂಡ.

"ತಪ್ಪಿಲ್ಲ. ನನ್ನ ತಮ್ಮ ಇವತ್ತ ಬಂದಿಲ್ಲ. ಅವನ ಪಾಲಿಂದು ಯಾರು ಮಾತಾಡಬೇಕು? ನಾ ಮಾತಾಡ್ತೀನಿ."

ನಾವು ತಮಾಷೆ ಎಂದುಕೊಂಡೆವು. ಡಿಬೇಟು ಶುರುವಾಯಿತು, ಅಕ್ಕನೂ ಶುರುವಾದರು. ದೇವರಾಣೆ, ಆ ಪಕ್ಷದ ಅಭ್ಯರ್ಥಿಯೂ ಅಷ್ಟು ಚೆನ್ನಾಗಿ ಮಾತಾಡಲಿಲ್ಲ. ತೆರಿಗೆ ಬಂತು, ಗಡಿ ಬಂತು, ಪೆಟ್ರೋಲು ಬಂತು. ನನ್ನ ಗಂಡ ಒಂದು ಹೇಳಿದರೆ ಅಕ್ಕ ಎರಡು ಹೇಳುವರು. ಟೆಕ್ಸಸ್ಸಿನ ಹಳ್ಳಿಯಲ್ಲಿ ಆಸ್ಪತ್ರೆ ಮುಚ್ಚಿದ್ದು, ಮೇವಿನ ರೇಟು ಏರಿದ್ದು, ಪಟ್ಟಣದವರು ತಮ್ಮನ್ನು ನೋಡಿ ನಗುತ್ತಾರೆಂದು ದನ ಸಾಕುವವರಿಗೆ ಆಗುವ ಸಂಕಟ, ಒಂದೊಂದನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ಎಲ್ಲಿಂದ ಬಂತು ಇದೆಲ್ಲ? ಭಾನುವಾರ ಭಾನುವಾರ ಹುಚ್ಚಪ್ಪಾ ಎಂದು ಬೈದರಲ್ಲ, ಪ್ರತಿಯೊಂದು ಮಾತನ್ನೂ ಪೂರ್ತಿ ಕೇಳಿಸಿಕೊಂಡೇ ಬೈದಿದ್ದರು. ಬಾಗಿಲ ಪಕ್ಷದವರು ಬಾಯಿ ಬಿಟ್ಟುಕೊಂಡು ಕೂತಿದ್ದರು. ನನ್ನ ಗಂಡ ಕೂಗಾಡಿದ್ದಕ್ಕೆ ಪಟ್ಟಿ ಸುತ್ತಿಸಿಕೊಂಡರು.

ಆಗ ಮಂಗಳೂರು ಡಾಕ್ಟರು ಒಂದು ಕೆಲಸ ಮಾಡಿದರು. ಸೀರೆಯ ಸುದ್ದಿ ಎತ್ತಬಾರದೆಂದು ಆಣೆಯಿತ್ತೇ ಹೊರತು ಫೋನು ಮಾಡಬಾರದೆಂದು ಇರಲಿಲ್ಲವಲ್ಲ. ಮೆಲ್ಲಗೆ ಫೋನು ತೆಗೆದು ಟೆಕ್ಸಸ್ಸಿಗೆ ಹಚ್ಚಿ, "ಮಾತಾಡ್ಬೇಡಿ ಮಾರಾಯ್ರೆ, ಸುಮ್ಮನೆ ಕೇಳಿ" ಎಂದು ಪಿಸುಗುಟ್ಟಿ ಸ್ಪೀಕರ್ ಹಾಕಿ ತೊಡೆಯ ಮೇಲೆ ಇಟ್ಟುಕೊಂಡರು. ಅಕ್ಕನಿಗೆ ಇದಾವುದರ ಪರಿವೆಯೂ ಇಲ್ಲ. ಅವರು ಹುಲ್ಲುಗಾವಲಿನ ಪ್ರಶ್ನೆಗೆ ಬಂದಿದ್ದರು.

"ಅಲ್ಲಿ ದನ ಸಾಕಾವ್ರಿಗೆ ಸರ್ಕಾರ ಮೇಯಿಸ್ಲಿಕ್ಕೆ ಜಾಗಾ ಕೊಡಂಗಿಲ್ಲ. ಜಾಗಾ ಇಲ್ದ ಅವರು ಎಲ್ಲಿ ಹೋಗಬೇಕು? ಅದೇ ಅವರ ದೊಡ್ಡ ತಕರಾರು..."

"ಹಂಗಲ್ಲಕ್ಕಾ!" ಎಂದಿತು ಮಂಗಳೂರು ಡಾಕ್ಟರ ತೊಡೆ. "ಜಾಗಾ ಬೇಕಾದಷ್ಟದ. ತಕರಾರು ನೀರಿಂದು! ಎಷ್ಟು ಸಲ ಹೇಳೀನಿ ನಿನಗ!"

ಅಕ್ಕ ಅಲ್ಲೇ ನಿಂತುಬಿಟ್ಟರು. ನನ್ನ ಗಂಡ ರಿಮೋಟಿನಿಂದ ಟಿ.ವಿ. ನಿಲ್ಲಿಸಿದರು.

"ನೀರು ಅಂತ ಹೇಳಿಲ್ಲ ನೀನು" ಎಂದರು ಅಕ್ಕ. ಫೋನಿನ ಕಡೆ ಬಗ್ಗಿದರು. "ಜಾಗಾ ಅಂತನ ಹೇಳಿದ್ದಿ."

"ನೀರು ಅಂದಿದ್ದೆ!"

"ಜಾಗಾ ಅಂದಿದ್ದಿ!"

ಆಮೇಲೆ ಫೋನಿನಿಂದ ದನಿ ಬೇರೆಯಾಗಿ ಬಂತು. "ನನ್ನ ಪರವಾಗಿ ಯಾಕ ಮಾತಾಡ್ಲಿಕತ್ತೀ ಅಕ್ಕಾ? ಅವತ್ತ ಕೆಂಪು ಸೀರಿ ಉಟ್ಟು ಅಷ್ಟು ಮಂದಿ ಎದುರಿಗೆ..."

"ಲೇ, ಕೆಂಪು ಇಲ್ಲಿ ನಮ್ಮ ಬಣ್ಣೋ!" ಎಂದು ಅಕ್ಕ ಕೂಗಿದರು. "ಹುಟ್ಟಾ ಹುಚ್ಚಪ್ಪಾ, ನಾ ಈ ದೇಶದಾಗ ಇಷ್ಟು ವರ್ಷ ಕೆಂಪು ಬಿಲ್ಲಿ ಹಚ್ಚಿಕೊಂಡು ಚಳ್ಯಾಗ ನಿಂತೀನಿ. ಉಲ್ಟಾ ಹಚ್ಚಿಕೊಂಡಾವ್ರು ನಿಮ್ಮ ಮಂದಿ. ನಿನ್ನ ನಗಿಗೇಡು ಮಾಡ್ಲಿಕ್ಕೆ ನಾ ಸೀರಿ ಉಡ್ತೀನೇನೋ? ನಿನ್ನ?"

ಅತ್ತ ಕಡೆ ನಗು ಶುರುವಾಯಿತು. ಮೊದಲು ಅವರದು, ಹಿಂದಿನಿಂದ ಅವರ ಹೆಂಡತಿಯದು. ಅಕ್ಕ ಮಾತ್ರ ಅಳುತ್ತ ಬೈದರು, ಬೈಯುತ್ತ ಅತ್ತರು. ಮಂಗಳೂರು ಡಾಕ್ಟರು ಫೋನನ್ನು ಅವರ ಕೈಗೆ ಕೊಟ್ಟು, "ಉಳಿದದ್ದು ನೀವೇ ಮಾತಾಡಿ, ನನ್ನ ಕಾಲು ಜೋಮು ಹಿಡಿದುಂಟು" ಎಂದರು. ಆವತ್ತು ಡಿಬೇಟಿನ ಕಡೆಯ ಅರ್ಧ ನಮ್ಮಲ್ಲಿ ಯಾರೂ ನೋಡಲಿಲ್ಲ. ಯಾರು ಗೆದ್ದರೆಂದು ಇಂದಿಗೂ ನನಗೆ ಗೊತ್ತಿಲ್ಲ. ಗಿರ್ಮಿಟ್ಟು ಮಾತ್ರ ಪಾತ್ರೆ ಬಳಿದು ತಿಂದೆವು.

ಅಕ್ಕ ತೀರಿಕೊಂಡಾಗ ದನದ ಡಾಕ್ಟರು ಬಂದರು. ಎಲ್ಲ ಮುಗಿದ ಮರುದಿನ ಮಧ್ಯಾಹ್ನ ಅವರಿಗೆ ಊಟ ತೆಗೆದುಕೊಂಡು ಹೋದೆ. ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದರು, ತಲೆಯೆಲ್ಲ ನರೆತಿದೆ, ಮೂಗು ಥೇಟು ಅಕ್ಕನದೇ. ನಾನು ಆ ಡಿಬೇಟಿನ ದಿನ ಅಲ್ಲಿದ್ದೆನೆಂದು ನೆನಪಿಸಿದೆ. ಅವರು ಅನ್ನ ಕಲೆಸುತ್ತ ನಕ್ಕರು.

"ಓಟಿನ ದಿನದ್ದು ನಿಮಗ ಹೇಳಿದ್ಲೇನು?" ಎಂದರು.

ಇಲ್ಲವೆಂದೆ.

"ಓಟ್ ಹಾಕಲಿಕ್ಕೆ ಹೋಗಬೇಕಾದ್ರ ವಿಚಾರ ಮಾಡಿದ್ದೆ. ಹಾಕೋದು ನನ್ನ ಪಕ್ಷಕ್ಕ. ಆದ್ರ ಅಕ್ಕಗ ಮಾತ್ರ ನಿನ್ನ ಪಕ್ಷಕ್ಕ ಹಾಕೀನಿ ಅಂತ ಹೇಳಿಬಿಡಬೇಕು. ಮುದುಕಿ ಖುಷಿ ಆಗ್ತಾಳ, ನಂದೇನು ಹೋಗ್ತದ? ಹೊರಗ ಬಂದು ಕಾರಿನ್ಯಾಗ ಕೂತು ಫೋನ್ ಹಚ್ಚಿದೆ. 'ಯಾರಿಗೆ ಹಾಕಿದ್ಯೋ?' ಅಂದ್ಲು. ಬಾಯಿಗೆ ಸುಳ್ಳು ಬರ್ಲಿಲ್ಲ ನೋಡವಾ. ಇದ್ದದ್ದು ಇದ್ದಂಗ ಹೇಳಿದೆ."

"ಏನಂದರು ಅಕ್ಕ?"

"ಮೊದಲ ಇಷ್ಟ ಅಂದ್ಲು, 'ನನ್ನ ಖುಷಿ ಮಾಡ್ಲಿಕ್ಕೆ ಸುಳ್ಳು ಹೇಳಿದ್ರ, ನೀ ನನಗ ಅಂಜ್ತಿ ಅಂತ ತಿಳೀತಿದ್ದೆ. ಖರೇ ಹೇಳಿದಿ. ನೀ ನನ್ನ ಮಗ ಇದ್ದಿ.'" ಅವರ ಕೈ ತಟ್ಟೆಯಲ್ಲೇ ನಿಂತಿತ್ತು. "ಹುಟ್ಟಿದಾಗಿಂದ ತಮ್ಮಾ ಅಂದಾಕಿ. ಅದೊಂದ ಸಲ ಮಗಾ ಅಂದ್ಲು."

ನಾನು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

"ಆಮೇಲೆ?" ಎಂದೆ.

"ಆಮ್ಯಾಲೆ ಬೈಲಿಕ್ಕೆ ಶುರು ಮಾಡಿದ್ಲು" ಎಂದರು ಅವರು, ಕಣ್ಣೊರೆಸಿಕೊಂಡು ನಗುತ್ತ. "ನನ್ನ ಪಕ್ಷಕ್ಕ, ನನ್ನ ಬುದ್ಧಿಗೆ, ನನ್ನ ದನಗಳಿಗೆ, ಯಾವುದೂ ಬಿಡ್ಲಿಲ್ಲ. ಕಾರು ಬಂದ್ ಮಾಡಿ ಕೂತು ಪೂರಾ ಕೇಳಿದೆ."